ಅಪ್ಪ ಒಡೆಯದ ಲಕೋಟೆ

ಅಪ್ಪ ಹಗಲು ಹೊತ್ತಿನಲ್ಲಿ ಬೂಟು ಹಾಕಿಕೊಂಡು ಮನೆಯಿಂದ ಹೊರಬಿದ್ದರೆ ನಮ್ಮ ಓಣಿಗೆ ಓಣಿಯೇ ಹೆದರುತ್ತಿತ್ತು. ಚಪ್ಪಲಿಯಲ್ಲಿ ಬಂದರೆ ಯಾರಿಗೂ ಚಿಂತೆಯಿಲ್ಲ. ಸುದ್ದಿ ಒಳ್ಳೆಯದಿದ್ದರೆ ಅವರು ನಮ್ಮ ಅಂಗಳದಲ್ಲಿ ನಿಂತೇ, "ಏ ಯವ್ವಾ, ನಿನ್ನ ಮಗಗ ರಜಾ ಸಿಕ್ಕೈತಿ, ಐತವಾರ ಬರ್ತಾನ ನೋಡು" ಎಂದು ಕೂಗಿಬಿಡುತ್ತಿದ್ದರು. ಕೆಟ್ಟ ಸುದ್ದಿಯಾದರೆ ಮಾತ್ರ ಮುಖ ತೊಳೆದು, ಕರಿ ಕೋಟು ತೊಟ್ಟು, ಬೂಟಿನ ದಾರ ಬಿಗಿದು ನಡೆಯುತ್ತಿದ್ದರು. ಆ ಸಪ್ಪಳ ಕೇಳಿದ ಹೆಂಗಸರು ಕೈಯಲ್ಲಿದ್ದ ಕೆಲಸ ಹಾಗೇ ಹಿಡಿದುಕೊಂಡು ನಿಂತುಬಿಡುತ್ತಿದ್ದರು. ಸಪ್ಪಳ ತಮ್ಮ ಮನೆ ದಾಟಿ ಮುಂದೆ ಹೋಯಿತೆಂದರೆ ಹೋದ ಜೀವ ಬಂದಂತಾಗುತ್ತಿತ್ತು. ಯಾರ ಮನೆಯ ಮುಂದೆ ನಿಂತಿತೋ ಅವರ ಪಾಡು ಬೇರೆ.

ನಮ್ಮೂರು ಖಾನಾಪುರದಿಂದ ಹಲಸಿಗೆ ಹೋಗುವ ದಾರಿಯಲ್ಲಿದೆ. ಮನೆಗೊಬ್ಬ ಮಗ ಪಲ್ಟನ್ನಿಗೆ ಸೇರುವ ಊರು. ತಾಯಂದಿರಿಗೆ ಓದು ಬಾರದು, ಸೇನೆಯಿಂದ ಬರುವ ತಂತಿಗಳೆಲ್ಲ ಇಂಗ್ಲಿಷಿನಲ್ಲಿ. ಹಾಗಾಗಿ ಭರ್ತಿಯಾಗುವಾಗ ಹುಡುಗರೆಲ್ಲ ಮನೆಯ ವಿಳಾಸಕ್ಕೆ ಮೇಲೆ ತಾಯಿಯ ಹೆಸರು, ಕೆಳಗೆ 'ಮಾರ್ಫತ್' ಎಂದು ಅಪ್ಪನ ಹೆಸರು ಬರೆಸುತ್ತಿದ್ದರು. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ, ಅದೇ ರೂಢಿಯಾಯಿತು. ಖಾನಾಪುರದಿಂದ ಬಂದ ಪ್ರತಿಯೊಂದು ತಂತಿಯ ಲಕೋಟೆಯನ್ನು ಅಪ್ಪ ಒಡೆದು, ಓದಿ, ಒಂದು ಚಹಾ ಕುದಿಯುವಷ್ಟರಲ್ಲಿ ಆ ಮನೆಗೆ ಮುಟ್ಟಿಸುತ್ತಿದ್ದರು. ಸ್ವಲ್ಪ ನಿಂತು, ಅವರು ಉಂಡ ಮೇಲೆ ಹೇಳಬಾರದೇ ಎಂದು ನಾನು ಒಮ್ಮೆ ಕೇಳಿದ್ದೆ.

"ಸುದ್ದಿ ಅವರ ಮನಿದು ತಂಗಿ. ನನ್ನ ಕಿಸೇದಾಗ ಇಟಗೊಂಡು ಕುಂದ್ರಾಕ ನಾ ಯಾರು?" ಎಂದಿದ್ದರು.

ಅಪ್ಪ ಇಪ್ಪತ್ತನಾಲ್ಕು ವರ್ಷ ನೌಕರಿ ಮಾಡಿದವರು. ಎರಡು ಯುದ್ಧ ಕಂಡಿದ್ದರು. ಇನ್ನೂ ನಾಲ್ಕು ವರ್ಷ ಇರಬಹುದಿತ್ತಂತೆ, ಅಷ್ಟರಲ್ಲಿ ನಮ್ಮವ್ವ ತೀರಿಕೊಂಡಳು. ನನಗೆ ಹನ್ನೊಂದು, ತಮ್ಮನಿಗೆ ಎರಡು. ಅಪ್ಪ ಕಬ್ಬಿಣದ ಟ್ರಂಕು ಹೊತ್ತು ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಎರಡನೇ ಮದುವೆಗೆ ಹೆಣ್ಣು ತಂದ ಮಂದಿಗೆ ಚಹಾ ಕೊಟ್ಟು ಕಳಿಸಿದರು. ರೊಟ್ಟಿ ಬಡಿಯುವುದು ಕಲಿತರು. ನನ್ನ ಜಡೆ ಹಾಕುವುದನ್ನೂ ಕಲಿತರು, ಎಷ್ಟು ಬಿಗಿಯಾಗಿ ಹಾಕುತ್ತಿದ್ದರೆಂದರೆ ಸಾಲೆ ಮುಗಿಯುವವರೆಗೆ ನನ್ನ ಹುಬ್ಬು ಮೇಲೇ ಇರುತ್ತಿದ್ದವು. ಕೌದಿ ಮಡಚಿದ್ದು ಓರೆಯಾದರೆ ಬಿಚ್ಚಿಸಿ ಮತ್ತೆ ಮಡಚಿಸುವರು. ನಮ್ಮ ಎಮ್ಮೆ ಕೂಡ ಹಿಂದಿಯಲ್ಲಿ ಹೇಳಿದರಷ್ಟೇ ಕೊಟ್ಟಿಗೆಗೆ ಹೋಗುತ್ತಿತ್ತು. ನಾನು ಈ ಶಿಸ್ತಿಗೆ ಬೈದುಕೊಳ್ಳುತ್ತಲೇ ಬೆಳೆದೆ. ನನ್ನ ಬಾಯಿ ಜೋರು, ಈಗಲೂ ಜೋರೇ. ತಮ್ಮನನ್ನು ಮಾತ್ರ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವನು ನನ್ನನ್ನು ಅಕ್ಕ ಎಂದು ಕರೆದದ್ದು ಸಾಲೆಗೆ ಹೋದ ಮೇಲೆ, ಅಲ್ಲಿಯತನಕ ಅವ್ವ ಎನ್ನುತ್ತಿದ್ದ.

ನಮ್ಮ ಮನೆಗೆ ಎರಡು ಮನೆ ಆಚೆ ಒಬ್ಬ ವಿಧವೆ ಇದ್ದರು. ನಾವೆಲ್ಲ ಕಾಕು ಎನ್ನುತ್ತಿದ್ದೆವು. ಅವರಿಗೆ ಎರಡು ಎಮ್ಮೆ, ಒಬ್ಬನೇ ಮಗ. ಅವನೂ ನನ್ನ ತಮ್ಮನೂ ಓರಗೆಯವರು. ಇಬ್ಬರನ್ನೂ ಅಪ್ಪ ಬೆಳಗಿನ ಜಾವ ಎಬ್ಬಿಸಿ, ಕೊರಳಲ್ಲಿ ಸೀಟಿ ಹಾಕಿಕೊಂಡು ಹಲಸಿ ರಸ್ತೆಯ ಮೇಲೆ ಓಡಿಸುತ್ತಿದ್ದರು. ತಾವೇ ಬೆಳಗಾವಿಗೆ ಕರೆದುಕೊಂಡು ಹೋಗಿ ಭರ್ತಿಯ ಸಾಲಿನಲ್ಲಿ ನಿಲ್ಲಿಸಿದರು. ಇಬ್ಬರೂ ಒಂದೇ ದಿನ ಪಾಸಾದರು. ಕಾಕು ಅವತ್ತು ಇಡೀ ಓಣಿಗೆ ಬೆಲ್ಲ ಹಂಚಿದ್ದರು.

ಕಾರ್ಗಿಲ್ ಗಲಾಟೆ ಶುರುವಾದ ಬೇಸಿಗೆಯಲ್ಲಿ ನಾನು ಮದುವೆಯಾಗಿ ಬೆಳಗಾವಿ ಹತ್ತಿರದ ಮಚ್ಛೆಯಲ್ಲಿದ್ದೆ. ನನ್ನ ಗಂಡನಿಗೆ ಅಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ. ಎರಡು ಕೋಣೆಯ ಬಾಡಿಗೆ ಮನೆ. ನನ್ನ ತಮ್ಮ ಅಲ್ಲಿ ಗಡಿಯ ಹಿಮದಲ್ಲಿದ್ದ, ಕಾಕುವಿನ ಮಗನೂ ಅಲ್ಲೇ ಎಲ್ಲೋ ಇದ್ದ. ಅವರ ಪತ್ರ ಬಂದು ಒಂದೂವರೆ ತಿಂಗಳಾಗಿತ್ತು. ಬಾಜು ಮನೆಯವರ ಟಿವಿಯಲ್ಲಿ ದಿನಾ ಸಂಜೆ ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳನ್ನು ತೋರಿಸುತ್ತಿದ್ದರು. ನನಗೆ ನೋಡುವ ಧೈರ್ಯವಿಲ್ಲ, ನೋಡದೇ ಇರುವ ಧೈರ್ಯವೂ ಇಲ್ಲ. ಬಾಗಿಲಲ್ಲಿ ನಿಂತು, ಹೆಸರು ಓದುವಾಗ ಕೇಳಿಸಿಕೊಂಡು ಓಡಿಬರುತ್ತಿದ್ದೆ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಒಲೆಯ ಮೇಲಿನದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದೆ.

ಒಂದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಹೊರಗೆ ಅರಿವೆ ನೆನೆಯಿಟ್ಟು ತಲೆಯೆತ್ತಿದೆ. ಖಾನಾಪುರದ ಬಸ್ಸಿನಿಂದ ಇಳಿದು ಅಪ್ಪ ಬರುತ್ತಿದ್ದರು. ಕರಿ ಕೋಟು, ಕಾಲಲ್ಲಿ ಬೂಟು.

ಓಣಿಯ ಹೆಂಗಸರು ಆ ಬೂಟಿಗೆ ಹೆದರುವುದನ್ನು ನೋಡುತ್ತ ಬೆಳೆದವಳು ನಾನು. ಅದು ನನ್ನ ಮನೆಗೇ ಬರುವುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅಪ್ಪ ಮೆಟ್ಟಿಲ ಹತ್ತಿರ ಬಂದವರೇ ಕೋಟಿನ ಒಳಕಿಸೆಯಿಂದ ಲಕೋಟೆ ತೆಗೆದು ನನ್ನ ಮುಂದೆ ಹಿಡಿದರು. ಅಂಟಿಸಿದ್ದು ಅಂಟಿಸಿದಂತೆಯೇ ಇತ್ತು.

"ನಿನ್ನೆ ಸಂಜಿಗೆ ಆರಕ್ಕ ಬಂತು," ಎಂದರು. "ಒಡದಿಲ್ಲ. ನನ್ನ ಕೈಲೆ ಆಗವಲ್ತು. ನೀ ಒಡಿ."

ಲಕೋಟೆಯ ಕಿಟಕಿಯಲ್ಲಿ ಅಪ್ಪನ ಹೆಸರು, ಊರಿನ ಹೆಸರು ಅಷ್ಟೇ ಕಾಣುತ್ತಿತ್ತು. ಮೇಲೆ ಯಾವ ತಾಯಿಯ ಹೆಸರೂ ಇಲ್ಲ, ಮಾರ್ಫತ್ ಎಂಬುದೂ ಇಲ್ಲ. ಅಂದರೆ ಅದು ಅಪ್ಪನಿಗೇ ಬಂದದ್ದು. ಅಪ್ಪನಿಗೇ ಎಂದರೆ ಅದರೊಳಗೆ ಇರುವುದು ನನ್ನ ತಮ್ಮ. ಊರಿನ ಅಷ್ಟೂ ತಂತಿಗಳನ್ನು ಕಣ್ಣು ಮಿಟುಕಿಸದೆ ಒಡೆದ ಮನುಷ್ಯ ಇಡೀ ರಾತ್ರಿ ಇದೊಂದನ್ನು ದಿಂಬಿನ ಕೆಳಗಿಟ್ಟುಕೊಂಡು ಕೂತಿದ್ದರಂತೆ.

ನಾನು ಕೈ ಒರೆಸಿಕೊಂಡು ಲಕೋಟೆ ತೆಗೆದುಕೊಂಡೆ. ಹೆಬ್ಬೆರಳನ್ನು ಅಂಟಿನ ಅಂಚಿಗೆ ತಂದೆ. ಅಲ್ಲಿಂದ ಮುಂದೆ ಬೆರಳು ಹೋಗಲಿಲ್ಲ. ಒಡೆಯುವವರೆಗೆ ಅವನು ಬದುಕಿದ್ದಾನೆ, ಒಡೆದರೆ ಸತ್ತ ಎಂಬ ಹುಚ್ಚು ಯೋಚನೆ ತಲೆ ಹೊಕ್ಕಿತು.

"ಇವರು ನಾಕಕ್ಕ ಡ್ಯೂಟಿ ಮುಗಿಸಿ ಬರ್ತಾರ," ಎಂದೆ. "ಅವರ ಕೈಲೆ ಒಡಸೂಣು. ನೀವು ಒಂದೀಟು ಉಣ್ರಿ."

ಲಕೋಟೆಯನ್ನು ಗೋಡೆಯ ಗೂಡಿನಲ್ಲಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ. ಅಪ್ಪನಿಗೆ ತಾಟು ಹಾಕಿದೆ. ಅವರು ಕಬ್ಬಿಣದ ಕುರ್ಚಿಯ ಮೇಲೆ ಬೂಟು ಬಿಚ್ಚದೆ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ತಾಟು ಆರಿತು, ನೊಣ ಕೂತವು. ನಾನು ಹೊರಗೆ ಹೋಗಿ ಅರಿವೆ ಒಗೆಯತೊಡಗಿದೆ. ನೆನೆಯಿಟ್ಟದ್ದೆಲ್ಲ ಒಗೆದೆ. ಆಮೇಲೆ ಹಾಸಿಗೆಯ ಹೊದಿಕೆ ಕಿತ್ತು ತಂದು ಒಗೆದೆ, ಸ್ವಚ್ಛವಿದ್ದ ಪರದೆಗಳನ್ನೂ ತಂದು ಒಗೆದೆ. ಕಲ್ಲಿನ ಮೇಲೆ ಬಡಿಯುವ ಸದ್ದು ನಿಂತರೆ ಆ ಗೂಡಿನ ಕಡೆಗೇ ಮನಸ್ಸು ಓಡುತ್ತಿತ್ತು. ಬಡಿಯುತ್ತ ಬಡಿಯುತ್ತ ದೇವರಿಗೆ ಹರಕೆ ಹೇಳಿಕೊಂಡೆ. ನನ್ನ ತಮ್ಮನದಾಗದಿರಲಿ ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ, ಬೇರೆ ಯಾರದಾದರೂ ಆಗಲಿ ಎಂದೂ ಬೇಡಿಕೊಂಡೆ. ಊರಿನ ಹುಡುಗರ ಮುಖ ಒಂದೊಂದಾಗಿ ಕಣ್ಣ ಮುಂದೆ ಬರುತ್ತಿದ್ದವು, ನಾನು ಒಬ್ಬೊಬ್ಬರನ್ನೇ ದೇವರಿಗೆ ಕೊಡುತ್ತ ಹೋದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹೀಗೆಯೇ.

ಹನ್ನೊಂದರ ಹೊತ್ತಿಗೆ ಅಪ್ಪ ಬಾಗಿಲಿಗೆ ಬಂದರು. "ಒಡೀತೀಯೇನು ತಂಗಿ?" ಎಂದರು. ನಾನು ತಲೆಯೆತ್ತದೆ ಇಲ್ಲವೆಂದೆ. ಮತ್ತೆ ಒಂದು ಗಂಟೆಗೆ ಬಂದರು. "ತಡಾ ಆಗಾಕತ್ತೈತಿ. ಒಡದಬಿಡು."

ನನಗೆ ತಲೆ ಕೆಟ್ಟುಹೋಯಿತು. "ನಿಮ್ಮ ಕೈಲೇ ಆಗಲಿಲ್ಲ, ಮಿಲಿಟ್ರಿ ಮನಶಾ ನೀವು! ಈಗ ನನಗ ಹುಕುಂ ಮಾಡ್ತೀರೇನು?" ಎಂದು ಚೀರಿದೆ. ಬಾಜು ಮನೆಯವರು ಹಣಿಕಿ ಹಾಕಿದರು. ಅಪ್ಪ ಒಳಗೆ ಹೋಗಿ ಮತ್ತೆ ಅದೇ ಕುರ್ಚಿಯ ಮೇಲೆ ಕೂತರು. ಮೂರನೇ ಸಲ ಕೇಳಲಿಲ್ಲ.

ನಾಲ್ಕಕ್ಕೆ ನನ್ನ ಗಂಡ ಬಂದರು. ಅಂಗಳದ ತುಂಬ ಹರವಿದ್ದ ಅರಿವೆ ನೋಡಿ ನಗಲು ಹೋದವರು ಅಪ್ಪನ ಬೂಟು ನೋಡಿ ಬಾಗಿಲಲ್ಲೇ ನಿಂತರು. ನಾನು ಗೂಡಿನ ಕಡೆ ಬೆರಳು ತೋರಿಸಿದೆ. ಅವರು ಕೈಗೆ ಹತ್ತಿದ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಲಕೋಟೆ ಹರಿದರು. ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. ನಾನು ಗೋಡೆಗೆ ಒರಗಿದ್ದೆ.

"ನಮ್ಮ ಹುಡುಗ ಅಲ್ಲ," ಎಂದರು.

ಕಾಕುವಿನ ಮಗ. ಪೆಟ್ಟಾಗಿದೆ, ದಿಲ್ಲಿಯ ಮಿಲಿಟರಿ ಆಸ್ಪತ್ರೆಯಲ್ಲಿದ್ದಾನೆ, ಸ್ಥಿತಿ ಗಂಭೀರ, ತಾಯಿಯನ್ನು ಕೂಡಲೇ ಕರೆತನ್ನಿ ಎಂದಿತ್ತು. ವಿಳಾಸದಲ್ಲಿ ಆ ತಾಯಿಯ ಹೆಸರಿನ ಸಾಲು ಎಲ್ಲೋ ಬಿಟ್ಟುಹೋಗಿತ್ತು. ಅದು ಎಲ್ಲಿ ಬಿಟ್ಟಿತೋ ನಮಗೆ ಇವತ್ತಿಗೂ ತಿಳಿಯದು.

ನಾನು ನಕ್ಕೆ. ಖರೆ ಹೇಳುತ್ತೇನೆ, ಗಟ್ಟಿಯಾಗಿ ನಕ್ಕುಬಿಟ್ಟೆ. "ನಮ್ಮದಲ್ಲ ಅಪ್ಪಾ, ನಮ್ಮದಲ್ಲ!" ಎಂದು ಅವರ ಭುಜ ಹಿಡಿದು ಅಲುಗಾಡಿಸಿದೆ. ಅಪ್ಪ ನಗಲಿಲ್ಲ. ಗೋಡೆಯ ಗಡಿಯಾರ ನೋಡಿದರು.

"ದಿಲ್ಲಿ ಗಾಡಿ ಎಷ್ಟಕ್ಕೈತಿ?" ಎಂದು ನನ್ನ ಗಂಡನನ್ನು ಕೇಳಿದರು.

ಆಗ ದಿಲ್ಲಿಯ ಕಡೆಗೆ ಹೋಗುವ ಗಾಡಿ ಬೆಳಗಾವಿಗೆ ದಿನಕ್ಕೊಂದೇ, ಸಂಜೆ ಐದೂವರೆಯ ಸುಮಾರಿಗೆ. ನಾಲ್ಕೂ ಹತ್ತಾಗಿತ್ತು. ಊರಿಗೆ ಹೋಗಿ ಕಾಕುವನ್ನು ಕರೆದುಕೊಂಡು ಬರಲು ನಾಲ್ಕು ತಾಸು ಬೇಕು. ನನ್ನ ನಗೆ ಅಲ್ಲಿಗೇ ಇಂಗಿತು. ಬುಧವಾರ ಲಕೋಟೆ ಬಂದಾಗ ಅವತ್ತಿನ ಗಾಡಿ ಹೋಗಿಯಾಗಿತ್ತು. ಅಪ್ಪನ ಇಡೀ ರಾತ್ರಿಯ ಹೆದರಿಕೆ ಯಾವ ಗಾಡಿಯನ್ನೂ ತಪ್ಪಿಸಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಾನು ಒಡೆದಿದ್ದರೆ ಇವತ್ತಿನ ಗಾಡಿ ಆರಾಮಾಗಿ ಸಿಗುತ್ತಿತ್ತು. ತಪ್ಪಿಸಿದ್ದು ನನ್ನ ಏಳು ತಾಸು. ಇದು ಮೂವರಿಗೂ ಒಂದೇ ಗಳಿಗೆಯಲ್ಲಿ ಹೊಳೆಯಿತು.

ಅಪ್ಪ ನಲ್ಲಿಯ ಕೆಳಗೆ ಮುಖ ತೊಳೆದುಕೊಂಡರು. ಕೋಟಿನ ಗುಂಡಿ ಹಾಕಿಕೊಂಡರು. ನಾನೂ ಬರುತ್ತೇನೆಂದೆ, ಬೇಡ ಎನ್ನಲಿಲ್ಲ. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ, ಅವರು ಬಾಜುವಿಗೆ. ಖಾನಾಪುರ ಬರುವವರೆಗೆ ನನಗೆ ಒಂದೇ ದಿಗಿಲು. ಕಾಕು ಕೇಳಿದರೆ ಏನು ಹೇಳುವುದು? ಯಾವಾಗ ಬಂತು ಎಂದರೆ? ನಡುವೆ ಎಲ್ಲಿತ್ತು ಎಂದರೆ? ಅಪ್ಪ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಖಾನಾಪುರದಲ್ಲಿ ಬಸ್ಸು ಬದಲಿಸುವಾಗ ಅವರು ನನ್ನ ಕೈ ಹಿಡಿದುಕೊಂಡರು.

"ನೀ ಅಲ್ಲೆ ಏನೂ ಮಾತಾಡಬ್ಯಾಡ," ಎಂದರು.

ಊರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಕಾಕು ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಬೂಟಿನ ಸಪ್ಪಳ ಕೇಳಿ ಮೊರ ಹಿಡಿದುಕೊಂಡೇ ಎದ್ದು ನಿಂತರು. ನಾವು ದಾಟಿ ಹೋಗುತ್ತೇವೆಂದು ಕಾಯುತ್ತಿದ್ದರು. ಅಪ್ಪ ನಿಂತರು.

"ಪೆಟ್ಟಾಗೇತಿ. ಜೀವಂತ ಅದಾನ. ದಿಲ್ಲಿ ದವಾಖಾನ್ಯಾಗ ಅದಾನ. ನಾ ಕರಕೊಂಡು ಹೋಗ್ತೇನಿ," ಎಂದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ತಾರು ನಿನ್ನೆ ಸಂಜಿಗೇ ಬಂದಿತ್ತು. ನಂದ ಅಂತ ತಿಳಕೊಂಡ್ನಿ. ಅಂಜಿಕಿ ಬಂತು, ಒಡೀಲಿಲ್ಲ. ಇಷ್ಟೊತ್ತನಕಾ ನನ್ನ ಕಿಸೇದಾಗ ಇತ್ತು. ಇವತ್ತಿನ ಗಾಡಿ ನನ್ನಿಂದ ತಪ್ಪಿತು."

ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಅಕ್ಕಿ ಡಬ್ಬಿಯ ಮಾತು ಬಾಯಿ ತನಕ ಬಂತು, ನುಂಗಿದೆ. ಕಾಕು ಮೊರವನ್ನು ಕಟ್ಟೆಯ ಮೇಲೆ ಇಟ್ಟರು.

"ಹಂಗಾರ ನಿಮ್ಮ ಹುಡುಗ ಚೊಲೊ ಅದಾನಿಲ್ರಿ, ಸಾಹೇಬ್ರ?" ಎಂದು ಕೇಳಿದರು.

ಅಪ್ಪ ಕಟ್ಟೆಯ ಮೇಲೆ ಕುಸಿದು ಕೂತರು. ನಮ್ಮವ್ವ ಸತ್ತಾಗಲೂ ಅಳದ ಮನುಷ್ಯ ಹೆಂಗಸರ ಎದುರಿಗೆ ಗೊಳೋ ಎಂದು ಅತ್ತರು. ಕಾಕುವೇ ನೀರು ತಂದುಕೊಟ್ಟರು.

ಮರುದಿನ ಶುಕ್ರವಾರದ ಗಾಡಿಗೆ ಇಬ್ಬರೂ ಹೋದರು. ಹುಡುಗ ಶನಿವಾರ ಸಂಜೆ ಹೋಗಿಬಿಟ್ಟ. ಇವರು ಮುಟ್ಟಿದ್ದು ರವಿವಾರ ಬೆಳಿಗ್ಗೆ. ಗುರುವಾರದ ಗಾಡಿಯಲ್ಲಿ ಹೋಗಿದ್ದರೆ ಶನಿವಾರ ಬೆಳಿಗ್ಗೆಯೇ ಮುಟ್ಟುತ್ತಿದ್ದರು, ಒಂದು ಹಗಲು ಮಗನ ಹತ್ತಿರ ಕೂರುತ್ತಿದ್ದರು. ಅವನಿಗೆ ಎಚ್ಚರವಿತ್ತೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.

ನನ್ನ ತಮ್ಮ ಚಳಿಗಾಲಕ್ಕೆ ರಜೆಯ ಮೇಲೆ ಬಂದ. ಎರಡು ಬೆರಳಿಗೆ ಹಿಮ ಹಿಡಿದಿತ್ತು, ಉಳಿದಂತೆ ಗಟ್ಟಿಯಾಗಿದ್ದ. ಮೊದಲ ಊಟ ಕಾಕು ಮಾಡಿ ಹಾಕಿದರು. ನಾನೂ ಅವನ ಬಾಜುವಿಗೆ ಕೂತು ಉಂಡೆ. "ಇನ್ನೊಂದು ರೊಟ್ಟಿ ಹಾಕ್ಕೊ ತಂಗಿ," ಎಂದು ಕಾಕು ನನ್ನ ತಾಟಿಗೆ ತುಪ್ಪ ಹಚ್ಚಿದ ರೊಟ್ಟಿ ಹಾಕಿದಾಗ ನನ್ನ ಜೀವ ಝಲ್ಲೆಂದಿತು. ಆಮೇಲೆ ಹದಿಮೂರು ವರ್ಷ ನಾನು ಊರಿಗೆ ಹೋದಾಗಲೆಲ್ಲ ಹೀಗೆಯೇ. ಅವರು ಪ್ರೀತಿ ಮಾಡಿದಷ್ಟೂ ನನಗೆ ಹೆದರಿಕೆ ಹೆಚ್ಚಾಗುತ್ತಿತ್ತು. ಯಾರಾದರೂ ಬಾಯಿತಪ್ಪಿ ಹೇಳಿಬಿಟ್ಟರೆ ಎಂದು ಗಂಡನಿಗೂ ಆಣೆ ಹಾಕಿಸಿದ್ದೆ.

ಅಪ್ಪ ಆ ಹದಿಮೂರು ವರ್ಷವೂ ದಿನಾ ಬೆಳಿಗ್ಗೆ ಕಾಕುವಿನ ಅಂಗಳದಲ್ಲಿ ನಿಂತು, ಏನಾದರೂ ಬೇಕೇ ಎಂದು ಕೇಳಿ ಬರುತ್ತಿದ್ದರು. ಅವರ ಎಮ್ಮೆಗೆ ಮೇವು ತಂದು ಹಾಕಿದರು. ಅವರ ಕಾಗದಪತ್ರಕ್ಕಾಗಿ ಬೆಳಗಾವಿಯ ಕಚೇರಿಗಳಿಗೆ ಸಿಟಿ ಬಸ್ಸಿನಲ್ಲಿ ಜೋತಾಡಿಕೊಂಡು ಓಡಾಡಿದರು. ವಯಸ್ಸು ಎಂಬತ್ತಾದರೂ ಬೆನ್ನು ಬಾಗಲಿಲ್ಲ. ನನ್ನ ಮಕ್ಕಳ ಕೌದಿಯನ್ನೂ ಬಿಚ್ಚಿಸಿ ಮತ್ತೆ ಮಡಚಿಸಿದರು. ನನಗೆ ಮಾತ್ರ ಆ ಗುರುವಾರದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಕೊನೆಗೆ ಅವರು ಹಾಸಿಗೆ ಹಿಡಿದಾಗ ನಾನೇ ಕೇಳಿದೆ. "ಅಪ್ಪಾ, ಕಾಕುಗ ಖರೇ ಹೇಳಿಬಿಡ್ಲೇನು?"

ಅವರು ಕಣ್ಣು ಮುಚ್ಚಿಕೊಂಡೇ, "ನಾ ಇರೂತನಕಾ ಬ್ಯಾಡ," ಎಂದರು. ಸ್ವಲ್ಪ ಹೊತ್ತಿಗೆ, "ಆಕಿ ಮನ್ಯಾಗ ನಿನಗ ಒಂದು ತುತ್ತು ಐತಿ. ಅದು ತಪ್ಪೂದು ನನ್ನ ಕಣ್ಲೆ ನೋಡಾಕ ಆಗೂದಿಲ್ಲ," ಎಂದರು. ಇಷ್ಟು ವರ್ಷ ಅವರು ಯಾಕೆ ಸುಮ್ಮನಿದ್ದರೆಂದು ನನಗೆ ಆಗ ತಿಳಿಯಿತು.

ಅಪ್ಪ ಹೋದ ಹದಿಮೂರನೇ ದಿನ, ಮಂದಿಯೆಲ್ಲ ಉಂಡು ಹೋದ ಮೇಲೆ, ಕಾಕು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದರು. ನಾನು ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತು ಹೇಳಿಬಿಟ್ಟೆ. ಅಪ್ಪ ಒಂಬತ್ತಕ್ಕೇ ಬಂದಿದ್ದರು. ಎರಡು ಸಲ ಒಡೆ ಎಂದರು. ನಾನೇ ಒಡೆಯಲಿಲ್ಲ. ಅದು ಅವರ ಕಿಸೆಯಲ್ಲಿರಲಿಲ್ಲ, ನನ್ನ ಮನೆಯಲ್ಲಿತ್ತು, ಏಳು ತಾಸು.

ಕಾಕು ತಿಕ್ಕುವುದನ್ನು ನಿಲ್ಲಿಸಿದರು. ಅವರ ಕೈಗೆಲ್ಲ ಬೂದಿ ಮೆತ್ತಿತ್ತು.

"ಏಳು ತಾಸು ಏನ್ ಮಾಡಿದಿ?" ಎಂದು ಕೇಳಿದರು.

"ಅರಿಬಿ ಒಗದ್ನಿ, ಕಾಕು."

ಅವರು ಕೈ ತೊಳೆದುಕೊಂಡು, ಅರ್ಧ ತಿಕ್ಕಿದ ಪಾತ್ರೆಗಳನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಅಂದಿನಿಂದ ನನ್ನ ಕೂಡ ಮಾತಾಡಿಲ್ಲ. ನನ್ನ ತಮ್ಮ ಊರಿಗೆ ಬಂದರೆ ಈಗಲೂ ಅವನನ್ನು ಒಳಗೆ ಕರೆದು ಮಣೆ ಹಾಕಿ ಉಣ್ಣಿಸುತ್ತಾರೆ. ನಾನು ಹೊರಗೆ ಕಟ್ಟೆಯ ಮೇಲೆ ಕೂತು, ಅವನ ಊಟ ಮುಗಿಯುವವರೆಗೆ ಕಾಯುತ್ತೇನೆ.